ಡಾಲ್ಫಿನ್ ಕಾರು: ಕನ್ನಡ ನಾಡಿನ ಯಂತ್ರೋದ್ಯಮದ ಒಂದು ಪಾಠ

ಸ್ವಾತಂತ್ರ್ಯೋತ್ತರ ಭಾರತದಲ್ಲಿ ಸಂಸಾರವಂದಿಗರ ಕಾರು ಎಂದೊಡನೆ ಎರಡು ಹೆಸರುಗಳು ನೆನಪಿಗೆ ಬರುತ್ತವೆ. ಒಂದು, ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್. ಇನ್ನೊಂದು, ಮುಂಬಯಿಯಲ್ಲಿ ಸಿದ್ಧವಾಗಿ ಮುಂದೆ ಪ್ರೀಮಿಯರ್ ಪದ್ಮಿನಿಯೆಂದು ಹೆಸರಾದ ಫಿಯಟ್. ಇವೆರಡನ್ನೂ ಅರಿಯದವರು ವಿರಳ. ಆದರೆ ಅದೇ ಕಾಲದಲ್ಲಿ ಕನ್ನಡ ನಾಡಿನ ರಾಜಧಾನಿಯಲ್ಲಿಯೇ ಹುಟ್ಟಿ, ಕೆಲಕಾಲ ಬಾಳಿ ಮರೆಯಾದ ಮತ್ತೊಂದು ಕಾರಿದೆ. ಅದರ ಹೆಸರು ಡಾಲ್ಫಿನ್. ಕ್ಯಾಸಂಬಳ್ಳಿ, ಬಂಗಾರಪೇಟೆಗಳಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ಬೆಂಗಳೂರಿನ ಈ ಕಾರಿನ ಕಥೆಯನ್ನು ವಿದ್ಯಾರ್ಥಿಗಳು ತಿಳಿದರೆ, ಒಂದು ಯಂತ್ರದ ಏಳುಬೀಳುಗಳ ಹಿಂದಿರುವ ಲೆಕ್ಕಾಚಾರವೂ ಅವರಿಗೆ ಮನದಟ್ಟಾಗುತ್ತದೆ.

ಹುಟ್ಟಿನ ಹಿನ್ನೆಲೆ

1970ರ ದಶಕದಲ್ಲಿ ಕಾರು ಕೊಳ್ಳುವುದು ಸುಲಭಸಾಧ್ಯವಾಗಿರಲಿಲ್ಲ. ಯಾವ ಕಾರ್ಖಾನೆ ಎಷ್ಟು ಕಾರುಗಳನ್ನು ತಯಾರಿಸಬೇಕೆಂಬುದು ಸರಕಾರದ ಪರವಾನಗಿಯಿಂದ ನಿರ್ಧಾರವಾಗುತ್ತಿತ್ತು. ಹಣ ಕಟ್ಟಿದವರೂ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹೀಗಾಗಿ ಚಿಕ್ಕದಾದ, ಅಗ್ಗದ ಕಾರೊಂದು ಬೇಕೆಂಬ ಹಂಬಲ ದೇಶದಾದ್ಯಂತ ಇತ್ತು. ಈ ಹಂಬಲವನ್ನು ಪೂರೈಸಲೆಂದು ಬೆಂಗಳೂರಿನಲ್ಲಿ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಆ ದಶಕದಲ್ಲಿ ಸ್ಥಾಪನೆಗೊಂಡಿತು. ಇದೇ ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂದು ಪ್ರಸಿದ್ಧವಾಯಿತು.

ಸಂಸ್ಥೆಯ ಮೊದಲ ಕೃತಿ ಬಾದಲ್. ಇದು ಮೂರು ಚಕ್ರಗಳ ಪುಟ್ಟ ವಾಹನ. 198 ಸಿ.ಸಿ. ಸಾಮರ್ಥ್ಯದ ಟೂ-ಸ್ಟ್ರೋಕ್ ಇಂಜಿನು ಅದರ ಹಿಂಭಾಗದಲ್ಲಿತ್ತು. ಆಟೋರಿಕ್ಷಾ ಮತ್ತು ಕಾರು ಇವೆರಡರ ನಡುವಣ ಸ್ಥಾನ ಅದರದು. ಮಳೆಗಾಳಿಗೆ ಮುಚ್ಚಿದ ಮೈ ಇದ್ದರೂ ಮೂರು ಚಕ್ರಗಳ ಗಾಡಿಯನ್ನು ಜನರು ಕಾರೆಂದು ಒಪ್ಪಿಕೊಳ್ಳಲು ಹಿಂಜರಿದರು. ಆದ್ದರಿಂದ ಅದಕ್ಕೆ ನಾಲ್ಕನೆಯ ಚಕ್ರವನ್ನಿತ್ತು ಬಾದಲ್ 4 ಎಂಬ ರೂಪಾಂತರವನ್ನು ಹೊರತರಲಾಯಿತು.

ಡಾಲ್ಫಿನ್ ಮತ್ತು ಅದರ ರೂಪಭೇದಗಳು

ಇಂಗ್ಲೆಂಡಿನ ಟ್ಯಾಮ್‌ವರ್ತ್ ಪಟ್ಟಣದಲ್ಲಿ ರಿಲಯಂಟ್ ಎಂಬ ಮೋಟಾರು ಕಂಪೆನಿಯಿತ್ತು. ಮೂರು ಚಕ್ರದ ಕಾರುಗಳಿಗೆ ಹೆಸರಾದ ಅದು 1975ರಿಂದ 1982ರವರೆಗೆ ಕಿಟನ್ ಎಂಬ ನಾಲ್ಕು ಚಕ್ರದ ಕಾರನ್ನು ತಯಾರಿಸಿತು. ಅದರ ಇಂಜಿನು 848 ಸಿ.ಸಿ. ಸಾಮರ್ಥ್ಯದ್ದು, ನಾಲ್ಕು ಸಿಲಿಂಡರುಗಳದು, ಅಲ್ಯೂಮಿನಿಯಂ ಮಿಶ್ರಲೋಹದಿಂದ ಎರಕ ಹೊಯ್ದದ್ದು. ಇಡೀ ಕಾರಿನ ತೂಕ ಸುಮಾರು 500 ಕಿಲೋಗ್ರಾಂ ಮಾತ್ರ. ಅಂಬಾಸಿಡರ್ ಕಾರಿನ ತೂಕ ಇದರ ಇಮ್ಮಡಿಗೂ ಹೆಚ್ಚು.

ಈ ಕಿಟನ್ ಕಾರನ್ನು ಆಧರಿಸಿ ಸಿಪಾನಿ ಸಂಸ್ಥೆ 1982ರಲ್ಲಿ ಡಾಲ್ಫಿನ್ ಕಾರನ್ನು ಆರಂಭಿಸಿತು. ಇಂಜಿನು ಮುಂದೆ, ಅದರ ಬಲ ಹರಿಯುವುದು ಹಿಂದಿನ ಚಕ್ರಗಳಿಗೆ. ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಫೈಬರ್ ಗ್ಲಾಸಿನ ಮೈ. ಹಗುರವಾಗಿಯೂ ಚುರುಕಾಗಿಯೂ ಇದ್ದ ಈ ಕಾರು ರ್‍ಯಾಲಿ ಸ್ಪರ್ಧೆಗಳಲ್ಲಿ ತೊಡಗಿದವರಿಗೆ ಬಹಳ ಪ್ರಿಯವಾಯಿತು. ಆದರೆ ಎರಡೇ ಪಕ್ಕದ ಬಾಗಿಲುಗಳಿದ್ದುದರಿಂದ ಹಿರಿಯರೂ ಹೆಂಗಸರೂ ಹಿಂದಿನ ಆಸನಕ್ಕೆ ತೂರಿಕೊಂಡು ಹೋಗುವುದು ತ್ರಾಸದಾಯಕವಾಗಿತ್ತು. ಈ ಕೊರತೆಯನ್ನು ನೀಗಿಸಲು 1980ರ ದಶಕದ ಉತ್ತರಾರ್ಧದಲ್ಲಿ ಬಂದ ರೂಪಾಂತರವೇ ಮೊಂಟಾನಾ. ಇದಕ್ಕೆ ನಾಲ್ಕು ಪಕ್ಕದ ಬಾಗಿಲುಗಳೂ ಹಿಂಬದಿಯಲ್ಲಿ ಒಂದು ಬಾಗಿಲೂ ಇದ್ದುವು. ಬಳಿಕ ಡಿ1 ಎಂಬ ಡೀಸೆಲ್ ಮಾದರಿಯೂ ಬಂದಿತು. 1990ರ ದಶಕದ ಮಧ್ಯದಲ್ಲಿ ಸಂಸ್ಥೆಯು ಬ್ರಿಟನ್ನಿನ ರೋವರ್ ಕಂಪೆನಿಯ ಮೊಂಟೆಗೊ ಎಂಬ ದೊಡ್ಡ ಕಾರನ್ನು ಜೋಡಿಸಲು ಯತ್ನಿಸಿತು. ಅದೂ ಫಲಿಸದೆ, ಕಾರುಗಳ ತಯಾರಿಕೆಯೇ ನಿಂತುಹೋಯಿತು.

ಮೈಯ ಮರ್ಮ

ಡಾಲ್ಫಿನ್ ಕಾರಿನ ಭಾಗ್ಯವೂ ದೌರ್ಭಾಗ್ಯವೂ ಅದರ ಮೈಯಲ್ಲಿಯೇ ಅಡಗಿದ್ದುವು. ಫೈಬರ್ ಗ್ಲಾಸ್ ಎಂದರೆ ಗಾಜಿನ ನಾರು ಮತ್ತು ರಾಳಗಳ ಸಂಯೋಗ. ಅಚ್ಚಿನೊಳಗೆ ನಾರಿನ ಹಾಸನ್ನು ಪದರ ಪದರವಾಗಿ ಹರಡಿ, ರಾಳವನ್ನು ಸವರಿ, ಗಟ್ಟಿಯಾದ ಮೇಲೆ ಬಿಡಿಸಿ ತೆಗೆಯುವುದು ಇದರ ವಿಧಾನ. ಹಳ್ಳಿಯ ಮನೆಗಳಲ್ಲಿ ಹಳೆಯ ಕಾಗದವನ್ನು ನೆನೆಸಿ, ಮೆಂತ್ಯದೊಡನೆ ರುಬ್ಬಿ, ಬೋರಲಿಟ್ಟ ಮಡಕೆಗೆ ಮೆತ್ತಿ ಒಣಗಿಸಿ ಪಾತ್ರೆ ಮಾಡುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅಲ್ಲಿ ಕಾಗದವು ನಾರಿನ ಕೆಲಸವನ್ನೂ ಮೆಂತ್ಯವು ಅಂಟಿನ ಕೆಲಸವನ್ನೂ ಮಾಡುತ್ತವೆ.

ಈ ವಿಧಾನಕ್ಕೆ ಭಾರಿ ಯಂತ್ರಗಳು ಬೇಕಿಲ್ಲ. ಇದರಿಂದಾದ ಮೈ ತುಕ್ಕು ಹಿಡಿಯದು. ಒಡೆದರೆ ನಾರು-ರಾಳಗಳಿಂದಲೇ ತೇಪೆ ಹಾಕಬಹುದು. ಅಮೆರಿಕದಲ್ಲಿ 1953ರಲ್ಲಿ ಬಂದ ಕಾರ್ವೆಟ್ ಎಂಬ ಕಾರಿಗೂ ಇಂತಹುದೇ ಮೈಯಿತ್ತು. ಆದರೆ ಪ್ರತಿಯೊಂದು ಮೈಯನ್ನೂ ಕೈಯಿಂದಲೇ ಹಾಸಿ ಸವರಬೇಕು. ಅದು ಗಟ್ಟಿಯಾಗುವವರೆಗೆ ಅಚ್ಚು ತೆರವಾಗದು. ಉಕ್ಕಿನ ಮೈಯಾದರೋ ಹಾಗಲ್ಲ. ದೈತ್ಯ ಪ್ರೆಸ್ ಯಂತ್ರದ ಒಂದು ಒತ್ತಿನಲ್ಲಿ ತಗಡು ಬಾಗಿಲಿನ ಆಕಾರ ತಳೆಯುತ್ತದೆ. ಆದರೆ ಅದರ ಉಕ್ಕಿನ ಅಚ್ಚುಗಳ ಬೆಲೆ ಅಪಾರ. ಅಂಬಾಸಿಡರ್ ಕಾರು 1957ರಿಂದ 2014ರವರೆಗೆ ತನ್ನ ಹೊರರೂಪವನ್ನು ಹೆಚ್ಚಾಗಿ ಬದಲಿಸದಿದ್ದುದಕ್ಕೆ ಈ ವೆಚ್ಚವೂ ಒಂದು ಕಾರಣ.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಇಲ್ಲಿಯ ಅಂಕಿಗಳು ತರಗತಿಯ ಅಭ್ಯಾಸಕ್ಕಾಗಿ ಕಲ್ಪಿಸಿದವು. ಉಕ್ಕಿನ ಅಚ್ಚುಗಳಿಗೆ 10 ಕೋಟಿ ರೂಪಾಯಿ ತಗಲುತ್ತದೆಂದು ಭಾವಿಸಬೇಕು. ಫೈಬರ್ ಮೈಗೆ ಅಚ್ಚಿನ ವೆಚ್ಚ ಮತ್ತು ಹೆಚ್ಚುವರಿ ಕೂಲಿ ಸೇರಿ ಕಾರೊಂದಕ್ಕೆ 13,000 ರೂಪಾಯಿ ಎಂದು ಭಾವಿಸಬೇಕು. 1,000 ಕಾರುಗಳನ್ನು ಮಾತ್ರ ಮಾಡಿದರೆ ಉಕ್ಕಿನ ಅಚ್ಚಿನ ಹೊರೆ ಕಾರೊಂದಕ್ಕೆ 1 ಲಕ್ಷ ರೂಪಾಯಿ. ಫೈಬರಿನದು 13,000 ಮಾತ್ರ. 1 ಲಕ್ಷ ಕಾರುಗಳನ್ನು ಮಾಡಿದರೆ ಉಕ್ಕಿನ ಹೊರೆ 1,000 ರೂಪಾಯಿಗೆ ಇಳಿಯುತ್ತದೆ. ಫೈಬರಿನದು 13,000 ಆಗಿಯೇ ಉಳಿಯುತ್ತದೆ. ಸುಮಾರು 7,700 ಕಾರುಗಳ ಆಚೆಗೆ ಉಕ್ಕಿನದೇ ಗೆಲುವು. ಅಲ್ಪ ಬಂಡವಾಳದ ಸಂಸ್ಥೆಗೆ ಕಾರು ಕಟ್ಟಲು ಅವಕಾಶವಿತ್ತದ್ದು ಯಾವ ವಿಧಾನವೋ, ಲಕ್ಷಾಂತರ ಕಾರುಗಳನ್ನು ಅಗ್ಗವಾಗಿ ಕಟ್ಟದಂತೆ ತಡೆದದ್ದೂ ಅದೇ ವಿಧಾನ.

ಹಿನ್ನಡೆ

ಡಾಲ್ಫಿನ್ ಹೊರಬಂದ ಮರುವರ್ಷವೇ, 1983ರ ಡಿಸೆಂಬರಿನಲ್ಲಿ, ಹರಿಯಾಣದ ಗುಡಗಾಂವಿನಿಂದ ಮಾರುತಿ 800 ಬಂದಿತು. 796 ಸಿ.ಸಿ. ಇಂಜಿನಿನ ಆ ಕಾರಿನ ಹಿಂದೆ ಭಾರತ ಸರಕಾರದ ಬಂಡವಾಳವೂ ಜಪಾನಿನ ಸುಜುಕಿ ಕಂಪೆನಿಯ ತಂತ್ರಜ್ಞಾನವೂ ಇದ್ದುವು. ಅದರ ಉಕ್ಕಿನ ಮೈ ನುಣುಪಾಗಿತ್ತು. ಬಾಗಿಲುಗಳು ಸಂದಿಲ್ಲದೆ ಮುಚ್ಚಿಕೊಳ್ಳುತ್ತಿದ್ದುವು. ನಾಲ್ಕು ಪಕ್ಕದ ಬಾಗಿಲುಗಳೂ ಇದ್ದುವು. ಸಂಸಾರವಂದಿಗರು ಅದರತ್ತ ಒಲಿದುದರಲ್ಲಿ ಆಶ್ಚರ್ಯವಿಲ್ಲ. ಡಾಲ್ಫಿನ್ ಕಾರಿನ ಇಂಜಿನು ಕೀಳಾದುದೆಂದಾಗಲಿ, ಅದನ್ನು ಕಟ್ಟಿದ ಕೈಗಳಿಗೆ ಕುಶಲತೆಯಿರಲಿಲ್ಲವೆಂದಾಗಲಿ ಹೇಳುವುದು ನ್ಯಾಯವಲ್ಲ. ಸಂಖ್ಯೆಯ ಬಲದೆದುರು ಕೈಕೆಲಸ ಸೋತಿತು ಎಂಬುದೇ ಸರಿ.

ಆದರೂ ಆ ವಿಚಾರಸರಣಿ ಬೆಂಗಳೂರಿನಲ್ಲಿ ಅಳಿಯಲಿಲ್ಲ. 2001ರಲ್ಲಿ ಅಲ್ಲಿಂದಲೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹೊರಬಂದಿತು. ಅದರಲ್ಲಿಯೂ ಉಕ್ಕಿನ ಹಂದರದ ಮೇಲೆ ಪ್ಲಾಸ್ಟಿಕ್ಕಿನ ಹೊರಮೈ. ಅದು ಲಂಡನ್ ನಗರದ ಬೀದಿಗಳಲ್ಲಿಯೂ ಓಡಿತು. 2010ರಲ್ಲಿ ಆ ಸಂಸ್ಥೆ ಮಹೀಂದ್ರ ಕಂಪೆನಿಯ ವಶವಾಯಿತು.

ಕಲಿಯಬೇಕಾದುದು

ಕೋಲಾರ ಜಿಲ್ಲೆಯ ಮಕ್ಕಳಿಗೆ ಉಕ್ಕು ಅಪರಿಚಿತವಲ್ಲ. 1964ರಲ್ಲಿ ಸ್ಥಾಪಿತವಾದ ಬೆಮೆಲ್ ಸಂಸ್ಥೆಯ ಕೆ.ಜಿ.ಎಫ್. ಕಾರ್ಖಾನೆಯಲ್ಲಿ ಮಣ್ಣು ತಳ್ಳುವ ಬೃಹದ್ಯಂತ್ರಗಳು ರೂಪುಗೊಳ್ಳುತ್ತವೆ. 2013ರಲ್ಲಿ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. ಮೊದಲನೆಯದರಲ್ಲಿ ಯಂತ್ರಗಳ ಸಂಖ್ಯೆ ಕಡಿಮೆ, ದಪ್ಪ ಫಲಕಗಳ ಬೆಸುಗೆ ಹೆಚ್ಚು. ಎರಡನೆಯದರಲ್ಲಿ ಒಂದೇ ಬಗೆಯ ವಾಹನಗಳು ಲಕ್ಷಗಟ್ಟಲೆ. ಎಷ್ಟು ಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಬಳಿಕ ಹೇಗೆ ಮಾಡಬೇಕೆಂಬುದನ್ನು ಆರಿಸಿಕೊಳ್ಳುವುದೇ ತಯಾರಿಕೆಯ ಮೂಲಸೂತ್ರವೆಂಬುದು ಇವೆರಡನ್ನು ಹೋಲಿಸಿದರೆ ತಿಳಿಯುತ್ತದೆ.

2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಈ ಭಾಗದ ಯುವಜನರು ದಿನಂಪ್ರತಿ ರೈಲಿನಲ್ಲಿ ಬೆಂಗಳೂರಿಗೆ ಕೆಲಸವರಸಿ ಹೋಗಿಬರುತ್ತಿದ್ದಾರೆ. ಅವರಲ್ಲಿ ಕೆಲವರಾದರೂ ಮುಂದೆ ಸ್ವಂತ ಉದ್ಯಮವನ್ನು ಕಟ್ಟಬೇಕೆಂಬುದು ಹಿರಿಯರೆಲ್ಲರ ಹಾರೈಕೆ. ಅಂತಹವರಿಗೆ ಅಂಬಾಸಿಡರ್ ಕಾರಿನ ದೀರ್ಘಾಯುಸ್ಸಿಗಿಂತ ಡಾಲ್ಫಿನ್ ಕಾರಿನ ಅಲ್ಪಾಯುಸ್ಸೇ ಹೆಚ್ಚಿನದನ್ನು ಕಲಿಸಬಲ್ಲುದು. ಗುರುಗಳು ಗಣಿತದ ತರಗತಿಯಲ್ಲಿ ಮೇಲಿನ ಲೆಕ್ಕವನ್ನು ಬೇರೆ ಬೇರೆ ಅಂಕಿಗಳಿಂದ ಮಾಡಿಸಿದರೆ, ಒಂದು ಕಾರ್ಖಾನೆಯನ್ನು ತೆರೆಯುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯನ್ನು ಮಕ್ಕಳು ಶಾಲೆಯಲ್ಲಿಯೇ ಕೇಳಿಕೊಂಡಂತಾಗುವುದು.