ಹಳೆಯ ಕಾರಿಗೆ ಕೈಯಿಂದ ಮಾಡಿದ ಬುಷ್

ಚಲನೆಯಿರುವಲ್ಲಿ ಘರ್ಷಣೆಯುಂಟು; ಘರ್ಷಣೆಯಿರುವಲ್ಲಿ ಸವೆತವುಂಟು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ರೈತರು ಈ ಸತ್ಯವನ್ನು ಪುಸ್ತಕದಿಂದಲ್ಲ, ಎತ್ತಿನ ಗಾಡಿಯಿಂದ ಕಲಿತವರು. ಅಮೃತಮಹಲ್ ತಳಿಯ ದನಗಳಿಗೆ ಹೆಸರಾದ ಅಜ್ಜಂಪುರದಲ್ಲಿ ಗಾಡಿಯ ಮಹತ್ತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಗಾಲಿಯ ನಡುವೆ ಕಬ್ಬಿಣದ ಬಳೆಯನ್ನು ಕೂರಿಸಿ ಅಚ್ಚಿಗೆ ಕೀಲೆಣ್ಣೆ ಹಚ್ಚುವುದರ ಉದ್ದೇಶವಿಷ್ಟೆ: ಬೆಲೆಯುಳ್ಳ ಗಾಲಿಯೂ ಅಚ್ಚೂ ಉಳಿಯಬೇಕು, ಸವೆಯುವುದಾದರೆ ಬದಲಿಸಬಹುದಾದ ಬಳೆ ಸವೆಯಬೇಕು. ಮೋಟಾರು ವಾಹನದ ಬುಷ್ ಎಂಬ ಭಾಗವು ಇದೇ ತತ್ತ್ವದ ಮುಂದುವರಿಕೆಯಾಗಿದೆ.

ಒಂದು ಕಾಲದಲ್ಲಿ ನಾಡಿನಾದ್ಯಂತ ಮನೆಮಾತಾಗಿದ್ದ ಅಂಬಾಸಿಡರ್ ಕಾರನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆಯು 2014ರಲ್ಲಿ ನಿಂತುಹೋಯಿತು. ಕಾರ್ಖಾನೆ ನಿಂತರೂ ಕಾರುಗಳು ಉಳಿದಿವೆ. ಬಿಡಿಭಾಗ ದೊರೆಯದಾಗ, ಅದನ್ನು ಸ್ವತಃ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಅಂಬಾಸಿಡರಿನ ಹಿಂದಿನ ಅಚ್ಚು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗುಗಳನ್ನು ಅವಲಂಬಿಸಿದೆ. ಸ್ಪ್ರಿಂಗಿನ ಎರಡು ತುದಿಗಳನ್ನು ಸುರುಳಿಯಾಗಿ ಬಾಗಿಸಿ ಕಣ್ಣುಗಳನ್ನು ಮಾಡಿರುತ್ತಾರೆ. ಮುಂದಿನ ಕಣ್ಣು ಕಾರಿನ ಒಡಲಿಗೆ ನೇರವಾಗಿ ಸೇರಿರುತ್ತದೆ. ಭಾರ ಬಿದ್ದಾಗ ಬಾಗಿದ ಸ್ಪ್ರಿಂಗು ನೆಟ್ಟಗಾಗಿ ಉದ್ದವಾಗುವುದರಿಂದ, ಹಿಂದಿನ ಕಣ್ಣನ್ನು ತೂಗಾಡುವ ಶ್ಯಾಕಲ್ ಒಂದಕ್ಕೆ ಸಿಕ್ಕಿಸಿರುತ್ತಾರೆ. ಈ ಕಣ್ಣುಗಳೊಳಗೆ ಕೂರುವುದೇ ರಬ್ಬರಿನ ಬುಷ್. ಅದು ಸೀಳಿದರೆ ಹಳ್ಳದಿಣ್ಣೆಗಳಲ್ಲಿ ಕಟಕಟ ಸದ್ದು ಕೇಳಿಬರುತ್ತದೆ; ಅಚ್ಚು ಅತ್ತಿತ್ತ ಸರಿದು, ವೇಗದಲ್ಲಿ ಕಾರಿನ ಹಿಂಭಾಗ ಓಲಾಡುತ್ತದೆ. ಕಡೂರು-ತರೀಕೆರೆಗಳ ನಡುವಣ ಹೆದ್ದಾರಿಯಲ್ಲಿ ಎದುರಿನಿಂದ ಲಾರಿ ಬರುತ್ತಿರುವಾಗ ಈ ಓಲಾಟವು ಪ್ರಾಣಾಪಾಯಕ್ಕೆ ಎಡೆಗೊಡಬಹುದು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಗಾಡಿಯ ಬಳೆಯಲ್ಲಿ ಅಚ್ಚಿಗೂ ಗಾಲಿಗೂ ನಡುವೆ ಜಾರುವಿಕೆ ನಡೆಯುತ್ತದೆ. ರಬ್ಬರ್ ಬುಷ್ಷಿನಲ್ಲಿ ಜಾರುವಿಕೆಯೇ ಇಲ್ಲ. ಬುಷ್ಷಿನ ಒಳಮೈಯನ್ನು ಬೋಲ್ಟು ಅಲುಗದಂತೆ ಹಿಡಿದಿರುತ್ತದೆ, ಹೊರಮೈಯನ್ನು ಕಣ್ಣು ಹಿಡಿದಿರುತ್ತದೆ; ಸ್ಪ್ರಿಂಗು ಮೇಲೆ ಕೆಳಗೆ ಆಡಿದಾಗ ನಡುವಿನ ರಬ್ಬರು ತಾನೇ ತಿರುಚಿಕೊಂಡು ಮರಳಿ ಬಿಚ್ಚಿಕೊಳ್ಳುತ್ತದೆ. ಆದುದರಿಂದಲೇ ಅದಕ್ಕೆ ಎಣ್ಣೆ ಬೇಕಿಲ್ಲ. ಎಂಜಿನ್ ಎಣ್ಣೆ ಸುರಿದರೆ ರಬ್ಬರು ಉಬ್ಬಿ ಮೆತ್ತಗಾಗಿ ಬೇಗ ಹಾಳಾಗುತ್ತದೆ.

ಕೈಯಿಂದ ಮಾಡುವ ಬುಷ್ಷಿಗೆ ಸಾಮಾನ್ಯವಾಗಿ ನೈಲಾನ್ ಸರಳನ್ನೋ, ಎರಡು ದ್ರವಗಳನ್ನು ಬೆರೆಸಿ ಅಚ್ಚಿನಲ್ಲಿ ಎರೆಯುವ ಪಾಲಿಯುರೆಥೇನನ್ನೋ ಬಳಸುತ್ತಾರೆ. ಇವು ರಬ್ಬರಿಗಿಂತ ಗಡಸು, ಅದರಂತೆ ತಿರುಚಿಕೊಳ್ಳಲಾರವು. ಆದಕಾರಣ ಇವನ್ನು ನುಣುಪಾದ ಉಕ್ಕಿನ ಕೊಳವೆಯ ಮೇಲೆ ತಿರುಗುವಂತೆ ರಚಿಸಬೇಕು. ಎಂದರೆ ರಬ್ಬರಿನ ಆಕಾರವನ್ನು ನಕಲು ಮಾಡಿದರೆ ಸಾಲದು. ಗಾಡಿಯ ಬಳೆಯ ನಿಯಮಕ್ಕೆ ಹಿಂದಿರುಗಬೇಕು.

ತಯಾರಿಕೆಯ ಕ್ರಮ ಹೀಗಿದೆ. ಸವೆದ ಬುಷ್ಷನ್ನು ಅಳೆಯದೆ, ಸ್ವಚ್ಛಗೊಳಿಸಿದ ಕಣ್ಣನ್ನೂ ಬೋಲ್ಟನ್ನೂ ವರ್ನಿಯರ್ ಕ್ಯಾಲಿಪರಿನಿಂದ ಅಳೆಯತಕ್ಕದ್ದು. ಲೇತಿನಲ್ಲಿ ಬುಷ್ಷನ್ನು ಅಂಚುಳ್ಳ ಎರಡು ಅರ್ಧಗಳಾಗಿ ಕಡೆದು ಎರಡು ಕಡೆಯಿಂದ ಕಣ್ಣಿಗೆ ತೂರಿಸಬೇಕು. ಕಣ್ಣಿನ ಅಗಲ 60 ಮಿ.ಮೀ., ಅಂಚುಗಳು ತಲಾ 3 ಮಿ.ಮೀ. ಎಂದಿಟ್ಟುಕೊಂಡರೆ ಒಟ್ಟು 66 ಮಿ.ಮೀ. ಆಗುತ್ತದೆ. ಉಕ್ಕಿನ ಕೊಳವೆ ಇದಕ್ಕಿಂತ ಕೂದಲೆಳೆಯಷ್ಟು, ಸುಮಾರು 66.5 ಮಿ.ಮೀ., ಉದ್ದವಿರಬೇಕು. ಆಗ ಬೋಲ್ಟಿನ ಬಿಗಿತವೆಲ್ಲ ಕೊಳವೆಯ ಮೇಲೆ ಬಿದ್ದು ಬುಷ್ ಸ್ವತಂತ್ರವಾಗಿ ತಿರುಗುತ್ತದೆ. ಕೊಳವೆ ಗಿಡ್ಡವಾದರೆ ಅಂಚುಗಳು ಅದುಮಲ್ಪಟ್ಟು ಸ್ಪ್ರಿಂಗಿನ ಕೀಲೇ ಬಿಗಿದುಕೊಳ್ಳುತ್ತದೆ.

ನೈಲಾನು ನೀರನ್ನು ಹೀರುವ ವಸ್ತು. ನೈಲಾನ್-6 ಎಂಬ ಬಗೆಯು ನೀರಿನಲ್ಲಿಯೇ ಉಳಿದರೆ ತನ್ನ ತೂಕದ ನೂರಕ್ಕೆ ಸುಮಾರು 9 ಪಾಲು ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಸರಾಗವಾಗಿ ತಿರುಗಿದ ಬುಷ್ ತರೀಕೆರೆಯ ಮಳೆಗಾಲದಲ್ಲಿ ಬಿಗಿಯಾಗಬಹುದು. ಆದುದರಿಂದ ಒಳರಂಧ್ರದಲ್ಲಿ ಒಂದಿಷ್ಟು ಬಿಡುವು ಅವಶ್ಯ. ಪಾಲಿಯುರೆಥೇನನ್ನು ಎರೆಯುವವರು ಅದರ ದ್ರವದಲ್ಲಿರುವ ಐಸೊಸಯನೇಟು ಶ್ವಾಸಕ್ಕೂ ಚರ್ಮಕ್ಕೂ ಹಾನಿಕರವೆಂಬುದನ್ನು ಮರೆಯದೆ, ಗಾಳಿಯಾಡುವ ಸ್ಥಳದಲ್ಲಿ ಕೈಗವಸು ತೊಟ್ಟು ಕೆಲಸ ಮಾಡತಕ್ಕದ್ದು. ಇದಕ್ಕೆ ಸಿಲಿಕೋನ್ ಗ್ರೀಸು ಯೋಗ್ಯ. ನೈಲಾನಿಗೆ ಸಾಧಾರಣ ಲಿಥಿಯಂ ಗ್ರೀಸೇ ಸಾಕು.

ಮೂಲ ಮಾದರಿಯ ರಬ್ಬರ್ ಬುಷ್ಷೇ ದೊರೆತರೆ ಅದನ್ನು ಹಾಕುವುದೇ ಮೇಲು. ಆಗ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯುವ ಕೆಲಸವನ್ನು, ಕಾರು ತನ್ನ ಭಾರದೊಡನೆ ನಾಲ್ಕು ಚಕ್ರಗಳ ಮೇಲೆ ನಿಂತಿರುವಾಗ ಮಾತ್ರ ಮಾಡಬೇಕು. ಚಕ್ರಗಳು ನೇತಾಡುತ್ತಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುತ್ತದೆ. ಹೊಸ ಬುಷ್ ಬೇಗ ಸೀಳಿದರೆ ಮಾಲು ಕಳಪೆಯೆಂದು ದೂರುವ ಮೊದಲು ಈ ಕಾರಣವನ್ನೂ ಪರಿಶೀಲಿಸುವುದು ಉಚಿತ.

ಈ ವಿದ್ಯೆಗೆ ಒಂದು ಎಲ್ಲೆಯೂ ಉಂಟು. ಅಂಬಾಸಿಡರಿನ ಮುಂಗಾಲಿಗಳ ತಿರುಚುದಂಡಗಳಲ್ಲಿ ಅಪಾರ ಶಕ್ತಿ ಅಡಗಿರುತ್ತದೆ. ಅಜಾಗರೂಕತೆಯಿಂದ ಬಿಚ್ಚಿದರೆ ಅದು ಒಮ್ಮೆಗೇ ಹೊರಚಿಮ್ಮಿ ಕೈಕಾಲು ಮುರಿಯಬಹುದು. ಆ ಭಾಗವನ್ನೂ ಸ್ಟೀರಿಂಗಿನ ಕೀಲುಗಳನ್ನೂ ಪಳಗಿದ ಕೆಲಸಗಾರರಿಗೇ ಒಪ್ಪಿಸತಕ್ಕದ್ದು. ಹಿಂದಿನ ಸ್ಪ್ರಿಂಗನ್ನು ಕಳಚುವಾಗಲೂ ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬಾರದು. ಒಡಲನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಅಚ್ಚಿಗೆ ಬೇರೆಯೇ ಆಸರೆ ಕೊಡಬೇಕು. ನೂರು ಕಿಲೋಮೀಟರು ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸುವುದು ಕ್ಷೇಮ.

ನೇಯುವವರು, ಬುಟ್ಟಿ ಹೆಣೆಯುವವರು, ದೋಣಿ ನಡೆಸುವವರು ಅನುಭವಮಂಟಪದಲ್ಲಿ ಸಮಾನ ಗೌರವದಿಂದ ಕುಳಿತ ಪರಂಪರೆ ಶರಣರದು. ಕೈಕೆಲಸಕ್ಕೆ ಅಲ್ಲಿ ದೊರೆತ ಗೌರವದೊಡನೆ ಹೊಣೆಯೂ ಸೇರಿತ್ತು. ಕಾರಿನ ಅಡಿಯಲ್ಲಿ ಅಡಗಿರುವ ಬುಷ್ಷನ್ನು ಪ್ರಯಾಣಿಕರು ಯಾರೂ ನೋಡುವುದಿಲ್ಲ. ಆದರೆ ಅವರ ಕ್ಷೇಮ ಅದನ್ನು ಅವಲಂಬಿಸಿದೆ. ಯಾರ ಕಣ್ಣಿಗೂ ಬೀಳದ ಆ ಅರ್ಧ ಮಿಲಿಮೀಟರನ್ನು ಸರಿಯಾಗಿ ಅಳೆಯುವುದೂ ಕಾಯಕವೇ ಆಗಿದೆ.