ಇಬ್ಬರ ಕೆಲಸ, ಒಂದೇ ಮನೆ: ಹೊಸ ಪಶುವೈದ್ಯರಿಗೆ ಬೀರೂರು ಜಂಕ್ಷನ್ ಲೆಕ್ಕ

ಶಿವಮೊಗ್ಗದಲ್ಲೋ ಹಾಸನದಲ್ಲೋ ಐದೂವರೆ ವರ್ಷ ಪಶುವೈದ್ಯಕೀಯ ಓದಿ, ಅದರಲ್ಲೇ ಒಂದು ವರ್ಷದ ಇಂಟರ್ನ್‌ಶಿಪ್ಪನ್ನೂ ಮುಗಿಸಿ ಕಡೂರಿಗೆ ಮರಳಿದ ಹುಡುಗಿಗೆ ಮನೆಯಲ್ಲಿ ಎರಡು ಪ್ರಶ್ನೆ ಕಾದಿರುತ್ತವೆ. ಕೆಲಸ ಯಾವಾಗ? ಮದುವೆ ಯಾವಾಗ? ಕೇಳುವವರು ಬೇರೆ ಬೇರೆಯಾಗಿ ಕೇಳುತ್ತಾರೆ. ಆದರೆ ಗೊತ್ತಾದ ಹುಡುಗ ಬೆಂಗಳೂರಿನ ಕಂಪನಿಯಲ್ಲಿದ್ದು, ‘ಮುಂದಿನ ವರ್ಷ ಹೊರದೇಶಕ್ಕೆ ಕಳಿಸಬಹುದು’ ಅಂದನೋ, ಎರಡು ಪ್ರಶ್ನೆಯೂ ಒಂದೇ ಗಂಟಾಗುತ್ತದೆ. ಗಂಡುಮಕ್ಕಳಿಗೂ ಈ ತೊಡಕು ತಪ್ಪಿದ್ದಲ್ಲ. ಹೆಂಡತಿ ತರೀಕೆರೆಯಲ್ಲಿ ಶಿಕ್ಷಕಿ, ಗಂಡನಿಗೆ ಕೆಲಸ ಸಿಕ್ಕಿದ್ದು ಇನ್ನೆಲ್ಲೋ.

ಇಂಥ ಹೊತ್ತಿನಲ್ಲಿ ಹಿರಿಯರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ‘ಅವರದ್ದು ಒಂದು ಗೊತ್ತಾಗಲಿ, ಆಮೇಲೆ ನಿನ್ನದು ನೋಡೋಣ.’ ಪಶುವೈದ್ಯರ ಮಟ್ಟಿಗೆ ಇದು ಕೆಟ್ಟ ಸಲಹೆ. ಹಸು ಗಬ್ಬವೋ ಅಲ್ಲವೋ ಎಂದು ಎರಡು ತಿಂಗಳಿಗೇ ಕೈಯಿಂದ ಹೇಳುವುದು, ಅಡ್ಡ ಸಿಕ್ಕಿದ ಕರುವಿನ ಕಾಲನ್ನು ಒಳಗೇ ತಿರುಗಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಇಂಟರ್ನ್‌ಶಿಪ್‌ನಲ್ಲಿ ಆಗಷ್ಟೇ ಕೈಗೆ ಹತ್ತಿದ ಅಂದಾಜು ವರ್ಷ ಸುಮ್ಮನೆ ಕೂತರೆ ಮರೆಯುತ್ತದೆ. ಆದ್ದರಿಂದ ಕಾಯಲೇಬೇಕಾಗಿ ಬಂದರೂ ದುಡಿಯುತ್ತಲೇ ಕಾಯಬೇಕು. ಅದಕ್ಕೆ ದಾರಿ ಹೀಗಿದೆ.

ಮೊದಲು ಕಾಗದ

ಇಂಟರ್ನ್‌ಶಿಪ್ ಮುಗಿದ ವಾರವೇ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನ ನೋಂದಣಿಗೆ ಅರ್ಜಿ ಹಾಕಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವೃತ್ತಿ ನಡೆಸುವಂತಿಲ್ಲ. ಸಂಗಾತಿಯ ಕೆಲಸ ಹೈದರಾಬಾದಿಗೋ ಪುಣೆಗೋ ಹೋಗುವ ಸೂಚನೆಯಿದ್ದರೆ, ಆ ರಾಜ್ಯದ ಪರಿಷತ್ತಿಗೆ ನೋಂದಣಿ ವರ್ಗಾಯಿಸುವ ಕ್ರಮವನ್ನು ಈಗಲೇ ಕೇಳಿಟ್ಟುಕೊಳ್ಳಿ. ರೇಬಿಸ್ ಮುಂಜಾಗ್ರತಾ ಲಸಿಕೆಯೂ ಇದೇ ತಿಂಗಳಲ್ಲಿ ಆಗಿಹೋಗಲಿ.

ಯಾರ ಕೆಲಸ ಜರುಗುತ್ತದೆ?

ಆಮೇಲೆ ಇಬ್ಬರೂ ಒಂದು ಹಾಳೆ ಹಿಡಿದು ಕೂರಿ. ಸಂಬಳದ ಲೆಕ್ಕ ಆಮೇಲಿರಲಿ. ಮುಂದಿನ ಎರಡು ವರ್ಷದಲ್ಲಿ ಯಾರ ಕೆಲಸ ಊರು ಬಿಟ್ಟು ಅಲುಗುವುದಿಲ್ಲ, ಯಾರದ್ದು ಅಲುಗುತ್ತದೆ, ಅದನ್ನಷ್ಟೇ ಬರೆಯಿರಿ. ಅಡಿಕೆ ತೋಟ, ಅಂಗಡಿ, ಖಾಯಂ ಶಿಕ್ಷಕ ಹುದ್ದೆ ಅಲುಗುವುದಿಲ್ಲ. ಸಾಫ್ಟ್‌ವೇರ್ ಕೆಲಸ ಎಷ್ಟೋ ಸಲ ಅಲುಗುತ್ತದೆ, ವಾರಕ್ಕೆ ಎರಡು ದಿನ ಆಫೀಸಿಗೆ ಬಂದರೆ ಸಾಕು ಎನ್ನುವ ಕಂಪನಿಗಳಿವೆ. ಹಾಗಿದ್ದರೂ ನಮ್ಮ ಮನೆಗಳಲ್ಲಿ ಕಂಪನಿ ಕೆಲಸವೇ ಕಲ್ಲುಕಂಬ, ‘ದನದ ಡಾಕ್ಟರಿಗೆ ಎಲ್ಲಾದರೂ ಸಿಗುತ್ತೆ’ ಎಂಬ ಲೆಕ್ಕ ನಡೆಯುತ್ತದೆ. ದನ ಇದ್ದಲ್ಲೇ ದನದ ಡಾಕ್ಟರು ಇರಬೇಕಲ್ಲವೇ? ಹಾಳೆಯಲ್ಲಿ ಇದು ಸ್ಪಷ್ಟವಾಗಿ ಕಾಣಬೇಕು.

‘ಹೊರದೇಶಕ್ಕೆ ಹೋಗಬಹುದು’ ಎಂಬ ಮಾತನ್ನು ಕೈಗೆ ಪತ್ರ ಬರುವ ತನಕ ಲೆಕ್ಕಕ್ಕೆ ಹಿಡಿಯಬೇಡಿ. ಬಂದರೂ ಅಮೆರಿಕದಲ್ಲಿ ನಮ್ಮ ಪದವಿ ನೇರವಾಗಿ ನಡೆಯುವುದಿಲ್ಲ. ಇ.ಸಿ.ಎಫ್.ವಿ.ಜಿ. ಅಥವಾ ‘ಪೇವ್’ ಎಂಬ ಅರ್ಹತಾ ಕ್ರಮ, ಜೊತೆಗೆ ‘ನಾವ್ಲಿ’ ಪರೀಕ್ಷೆ ದಾಟಬೇಕು, ಖರ್ಚೂ ಕಾಲವೂ ಬೇಕು. ಸಂಗಾತಿಯ ಜೊತೆಗೆಂದು ಎಚ್-4 ವೀಸಾದಲ್ಲಿ ಹೋದವರು ಪ್ರತ್ಯೇಕ ಅನುಮತಿ ಸಿಗದೆ ದುಡಿಯುವಂತಿಲ್ಲ. ಇಲ್ಲಿ ಮಾಡಿದ ಒಂದೆರಡು ವರ್ಷದ ಕೆಲಸ ಅಲ್ಲಿನ ಪರೀಕ್ಷೆಗೂ ಕೈ ತಯಾರು ಮಾಡುತ್ತದೆ.

ಯಾವ ಕೆಲಸ ಎಷ್ಟು ದೂರ ಎಸೆಯುತ್ತದೆ

ಲೋಕಸೇವಾ ಆಯೋಗದ ಪಶುವೈದ್ಯಾಧಿಕಾರಿ ಹುದ್ದೆ ಎಲ್ಲರ ಕಣ್ಣಿನಲ್ಲೂ ಇದೆ. 2024ರಲ್ಲಿ ಆಯೋಗ 400 ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಅರ್ಜಿಗೂ ಆದೇಶಕ್ಕೂ ನಡುವೆ ಎಷ್ಟು ಕಾಲ ಎಂದು ಯಾರೂ ಲೆಕ್ಕ ಹಾಕಿ ಹೇಳಲಾರರು. ಹಾಗಾಗಿ ಪರೀಕ್ಷೆ ಬರೆಯಿರಿ, ಆದರೆ ಅದನ್ನೇ ನೆಚ್ಚಿ ಮದುವೆಯನ್ನೋ ಬೇರೆ ಕೆಲಸವನ್ನೋ ನಿಲ್ಲಿಸಬೇಡಿ. ಆದೇಶ ಬಂದಾಗ ಊರು ರಾಜ್ಯದ ಯಾವ ಮೂಲೆಯದ್ದೂ ಆಗಬಹುದು. ಎರಡು ವರ್ಷ ಪರಿವೀಕ್ಷಣಾ ಅವಧಿ. ಆ ಎರಡು ವರ್ಷ ಬೇರೆ ಬೇರೆ ಊರಲ್ಲಿರಲು ಇಬ್ಬರೂ ಮೊದಲೇ ಒಪ್ಪಿದ್ದರೆ ಜಗಳ ಅರ್ಧ ಕಡಿಮೆ. ಸಂಗಾತಿಯೂ ಸರ್ಕಾರಿ ನೌಕರರಾದರೆ ಮುಂದೆ ‘ಪತಿ–ಪತ್ನಿ ಪ್ರಕರಣ’ದಡಿ ವರ್ಗಾವಣೆ ಕೇಳಬಹುದು. ಖಾಲಿ ಹುದ್ದೆ ಇರಬೇಕು ಎನ್ನುವುದು ಬೇರೆ ಮಾತು. ಈ ವರ್ಗಾವಣೆ ಕೇಳಲು ಮದುವೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿಬಿಡಿ, ಛತ್ರದ ಫೋಟೊ ಸಾಲದು. ಖಾಸಗಿ ಕಂಪನಿಯ ಗಂಡನನ್ನು ತೋರಿಸಿ ಈ ಸವಲತ್ತು ಕೇಳಲಾಗದು.

ಹತ್ತಿರವೇ ಇರಬೇಕೆಂದರೆ ಹಾಲು ಒಕ್ಕೂಟವನ್ನು ನೋಡಿ. ಚಿಕ್ಕಮಗಳೂರು ಜಿಲ್ಲೆ ಹಾಸನ ಹಾಲು ಒಕ್ಕೂಟಕ್ಕೆ ಸೇರಿದ್ದು. ಅದರ ವ್ಯಾಪ್ತಿ ಹಾಸನ, ಚಿಕ್ಕಮಗಳೂರು, ಕೊಡಗು. ಎಲ್ಲಿಗೆ ಹಾಕಿದರೂ ಈ ಮೂರು ಜಿಲ್ಲೆಯೊಳಗೇ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೂ ನಮ್ಮ ಪದವಿ ನಡೆಯುತ್ತದೆ, ಆದರೆ ದೇಶದ ಯಾವ ಊರಿಗಾದರೂ ಹೋಗಬೇಕು, ಹಸು ಮುಟ್ಟುವ ಕೆಲಸವೂ ಅಲ್ಲ. ‘ಇನ್ನೂ ಏನೂ ಗೊತ್ತಿಲ್ಲ’ ಎನ್ನುವ ಜೋಡಿಗೆ ನಾನು ಹೇಳುವುದು ಗುತ್ತಿಗೆ ಕೆಲಸ. 1962ಕ್ಕೆ ಕರೆ ಮಾಡಿದರೆ ಬರುವ ಪಶು ಸಂಜೀವಿನಿ ಆಂಬ್ಯುಲೆನ್ಸ್‌ನಂಥದ್ದು. ಸಂಬಳ ಸಣ್ಣದಿರಬಹುದು, ಆದರೆ ಕೆಚ್ಚಲುಬಾವು, ಹೊಟ್ಟೆಯುಬ್ಬರ, ಕಸ ಬೀಳದ ಹಸು, ಮೈ ಹೊರಬಂದ ಎಮ್ಮೆ ಎಲ್ಲವೂ ಒಂದೇ ವಾರದಲ್ಲಿ ಎದುರಾಗುತ್ತವೆ. ಸಂಗಾತಿಯ ಆದೇಶ ಬಂದ ದಿನ ನೋಟಿಸ್ ಕೊಟ್ಟು ಹೊರಡಲೂ ತೊಡಕಿಲ್ಲ. ಸೇರುವ ಮುನ್ನ ಕರಾರಿನಲ್ಲಿ ನೋಟಿಸ್ ಅವಧಿ ಎಷ್ಟು ತಿಂಗಳು ಎಂಬುದನ್ನು ಮಾತ್ರ ಓದಿ.

ಮೂರು ತಾಲ್ಲೂಕು, ಮೂರು ಪಾಠ

ಕಡೂರು ಒಣ ಸೀಮೆ, ಕುರಿಮಂದೆಯ ನಾಡು. ಮಳೆಗಾಲಕ್ಕೆ ಮುಂಚೆ ಕರುಳುಬೇನೆ ಲಸಿಕೆಯ ಓಡಾಟ, ಒಂದೊಂದು ಮಂದೆಗೂ ನೂರಾರು ಸೂಜಿ. ತರೀಕೆರೆ ಕಡೆ ಅಡಿಕೆ ತೋಟದ ಮನೆಗಳು, ಹಿತ್ತಲಲ್ಲಿ ಒಂದೆರಡು ಹಸು. ಲಕ್ಕವಳ್ಳಿಯತ್ತ ಹೋದಷ್ಟೂ ಮಲೆನಾಡು. ಅಜ್ಜಂಪುರ ಹೊಸ ತಾಲ್ಲೂಕಾದರೂ ದನದ ಮಟ್ಟಿಗೆ ಹಳೆಯ ರಾಜಧಾನಿ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು, ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇಲ್ಲಿದೆ. ಕಾವಲಿನಲ್ಲಿ ಬಿಟ್ಟು ಬೆಳೆದ ಈ ದನಗಳು ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ. ದನ ಹಿಡಿಯುವುದನ್ನು ಕಲಿಯಬೇಕೆನ್ನುವ ಹೊಸಬರು ಇಲ್ಲಿನ ಗೋಪಾಲಕರ ಹಿಂದೆ ನಾಲ್ಕು ದಿನ ಓಡಾಡಬೇಕು. ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟುವ ದಿನಗಳಲ್ಲಂತೂ ಎತ್ತಿನ ಕಾಲು, ಗೊರಸು, ಹೆಗಲುಬಾವಿನ ಕೆಲಸ ಕೈತುಂಬ.

ಕಾಲುಬಾಯಿ ಲಸಿಕೆಯ ಸುತ್ತು ವರ್ಷಕ್ಕೆ ಎರಡು ಸಲ ಬರುತ್ತದೆ. ಆಗ ರಜೆ ಕೇಳುವುದು ಕಷ್ಟ, ಹಾಗಾಗಿ ಮದುವೆಯ ಮುಹೂರ್ತ ಇಡಿಸುವ ಮುನ್ನ ಆ ವರ್ಷದ ಸುತ್ತು ಯಾವಾಗ ಎಂದು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಪುರೋಹಿತರಿಗೆ ಈ ಪಂಚಾಂಗ ಗೊತ್ತಿರುವುದಿಲ್ಲ.

ಮಗುವಿನ ಯೋಚನೆಯಿದ್ದರೆ

ಇದನ್ನು ಹೆಚ್ಚಿನವರು ಬಾಯಿಬಿಟ್ಟು ಮಾತಾಡುವುದಿಲ್ಲ, ಹಾಗಾಗಿ ತುಸು ವಿವರವಾಗಿ ಹೇಳುತ್ತೇನೆ. ಕಂದು ಹಾಕಿದ ಹಸುವಿನ ಕಸದಿಂದ ಕಂದುರೋಗ, ಅಂದರೆ ಬ್ರುಸೆಲ್ಲಾ, ಮನುಷ್ಯರಿಗೂ ಅಂಟುತ್ತದೆ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಹಾಕುವ ಅದರ ಲಸಿಕೆ ಜೀವಂತ ಲಸಿಕೆ, ಸೂಜಿ ಕೈಗೆ ಚುಚ್ಚಿಕೊಂಡರೂ ಅಪಾಯವೇ. ಬೆದೆಗೆ ತರಲು ಕೊಡುವ ಪ್ರೊಸ್ಟಾಗ್ಲಾಂಡಿನ್ ಚರ್ಮದ ಮೂಲಕವೇ ಒಳಗಿಳಿಯುತ್ತದೆ, ಗರ್ಭಿಣಿಯರು ಅದನ್ನು ಮುಟ್ಟಲೇಬಾರದು. ಎಕ್ಸ್‌-ರೇ ಕೋಣೆಯೂ ಬೇಡ. ಆದ್ದರಿಂದ ಗರ್ಭ ನಿಂತದ್ದು ತಿಳಿದ ದಿನವೇ ಮೇಲಧಿಕಾರಿಗೆ ಹೇಳಿ ಈ ಕೆಲಸಗಳನ್ನು ಇನ್ನೊಬ್ಬರಿಗೆ ವಹಿಸಿ. ನಾಚಿಕೊಂಡು ಮೂರು ತಿಂಗಳು ಮುಚ್ಚಿಡುವ ಪದ್ಧತಿ ಇಲ್ಲಿ ನಡೆಯದು. ರಾಜ್ಯ ಸರ್ಕಾರಿ ನೌಕರಿಯಲ್ಲಿ ಹೆರಿಗೆ ರಜೆ 180 ದಿನ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಯಲ್ಲಿ 26 ವಾರ, ಆದರೆ ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನವಾದರೂ ದುಡಿದಿರಬೇಕು. ಹೊಸ ಕೆಲಸ ಹಿಡಿಯುವ ತಿಂಗಳನ್ನು ಎಣಿಸುವಾಗ ಈ 80 ದಿನವೂ ಲೆಕ್ಕದಲ್ಲಿರಲಿ.

ಮನೆ ಎಲ್ಲಿ?

ರೈಲು ನಕ್ಷೆ ತೆರೆಯಿರಿ. ಬೆಂಗಳೂರಿಂದ ಬಂದ ಹಳಿ ಅರಸೀಕೆರೆ, ಕಡೂರು ದಾಟಿ ಬೀರೂರಿನಲ್ಲಿ ಕವಲಾಗುತ್ತದೆ. ಒಂದು ಕವಲು ತರೀಕೆರೆ, ಭದ್ರಾವತಿ ಮೂಲಕ ಶಿವಮೊಗ್ಗಕ್ಕೆ. ಇನ್ನೊಂದು ಅಜ್ಜಂಪುರ ಹಾದು ದಾವಣಗೆರೆ, ಹುಬ್ಬಳ್ಳಿ ಕಡೆಗೆ. ಕಡೂರಿನಿಂದ ಚಿಕ್ಕಮಗಳೂರಿಗೂ 2013ರಿಂದ ರೈಲಿದೆ. ಒಬ್ಬರು ಶಿವಮೊಗ್ಗದಲ್ಲಿ ಎಂ.ವಿ.ಎಸ್ಸಿ. ಓದುತ್ತ, ಇನ್ನೊಬ್ಬರು ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿ ಬರುತ್ತ ಇರಬೇಕಾದರೆ ಬೀರೂರು ಅಥವಾ ಕಡೂರಿನ ಬಾಡಿಗೆ ಮನೆ ಇಬ್ಬರಿಗೂ ಒದಗುತ್ತದೆ. ಸರ್ಕಾರಿ ಹುದ್ದೆಯಾದರೆ ಮಾತ್ರ ಕೇಂದ್ರಸ್ಥಾನದಲ್ಲೇ ವಾಸ ಎಂಬ ನಿಯಮವಿದೆ, ಅಜ್ಜಂಪುರಕ್ಕೆ ಹಾಕಿದರೆ ಅಜ್ಜಂಪುರದಲ್ಲೇ ಮನೆ. ರಾತ್ರಿ ಹನ್ನೊಂದಕ್ಕೆ ‘ಮೇಡಂ, ಕರುವಿನ ತಲೆ ಹಿಂದಕ್ಕೆ ತಿರುಗಿದೆ’ ಎಂದು ಫೋನು ಬಂದಾಗ ಬೀರೂರಿನಿಂದ ಹೊರಡುವುದು ತಡವಾಗುತ್ತದೆ. ಮನೆ ಮಾಲೀಕರಿಗೂ ಮೊದಲೇ ಒಂದು ಮಾತು ಹೇಳಿಡಿ: ರಾತ್ರಿ ಗೇಟಿನ ಬೀಗದ ಕೀ ನಮ್ಮ ಹತ್ತಿರವೂ ಒಂದಿರಲಿ, ಗಂಬೂಟು ತೊಳೆಯಲು ಹೊರಗೊಂದು ನಲ್ಲಿ ಬೇಕು.