ಮೊದಲು ಶ್ರುತಿ, ಆಮೇಲೆ ಮದ್ದಳೆ

ಅಳಿಯಾ,

ಮೊನ್ನೆ ಕಾರ್ಕಳದ ಮನೆಯ ಜಗಲಿಯಲ್ಲಿ ಹೊಸ ರೀಕರ್ವ್ ಬಿಲ್ಲು ಬಿಚ್ಚಿಟ್ಟು ನೀನು ಕೇಳಿದೆ, "ಮಾವ, ಬಾಣ ಎಲ್ಲ ಎಡಕ್ಕೇ ಹೋಗ್ತದೆ, ಪ್ಲಂಜರ್ ಎಷ್ಟು ಸುತ್ತು ತಿರುಗಿಸ್ಬೇಕು?" ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಳು, ಮಾತು ಅಲ್ಲಿಗೇ ನಿಂತಿತು. ಈಗ ಹೇಳುತ್ತೇನೆ: ಬಾಣದ ಪಕ್ಕಕ್ಕೆ ಒತ್ತುವ ಆ ಸ್ಪ್ರಿಂಗ್ ಗುಂಡಿಗೆ ಸದ್ಯಕ್ಕೆ ಒಂದು ಸುತ್ತೂ ಬೇಡ.

ಚಿಕ್ಕಂದಿನಿಂದ ಯಕ್ಷಗಾನದ ಆಟ ನೋಡಿದವನು ನೀನು. ಭಾಗವತರ ಶ್ರುತಿ ನಿಂತ ಮೇಲೆ ಮದ್ದಳೆಯವರು ಅದಕ್ಕೆ ಮದ್ದಳೆ ಕೂಡಿಸುತ್ತಾರೆ. ಶ್ರುತಿಯೇ ಗಳಿಗೆಗೊಂದು ಕಡೆ ಜಾರಿದರೆ ಅವರು ಯಾವುದಕ್ಕೆ ಕೂಡಿಸಿಯಾರು? ನಮ್ಮ ಬಿಲ್ಲುಗಾರಿಕೆಯಲ್ಲಿ ಶ್ರುತಿ ಅಂದರೆ ಮೈ. ಪಾದ ಊರುವುದು, ಹಿಡಿಯುವುದು, ಎಳೆಯುವುದು, ಬಿಡುವುದು, ಇಷ್ಟೂ ಪ್ರತಿ ಸಲ ಒಂದೇ ಹದದಲ್ಲಿ ನಡೆಯಬೇಕು. ಬಿಲ್ಲನ್ನು ಕೂಡಿಸುವ ಕೆಲಸ ಅದರ ನಂತರ.

ನೀನು ಇಂಜಿನಿಯರಿಂಗ್ ಓದುವವನು, ಲೆಕ್ಕ ಹಾಕಿ ನೋಡು. ಒಲಿಂಪಿಕ್ಸ್‌ನ ಗುರಿ 70 ಮೀಟರ್ ದೂರ, ಹಾಳೆ 122 ಸೆಂ.ಮೀ. ಅಗಲ, ಹತ್ತು ಅಂಕದ ವೃತ್ತ 12.2 ಸೆಂ.ಮೀ. ದಿಕ್ಕು ಒಂದೇ ಡಿಗ್ರಿ ತಪ್ಪಿದರೆ ಆ ದೂರದಲ್ಲಿ ಬಾಣ ಹಾಳೆಯ ಪೂರ್ತಿ ಅಗಲದಷ್ಟು ಸರಿದಿರುತ್ತದೆ. ಇನ್ನೊಂದು: ನಿನ್ನ ಗಲ್ಲದಿಂದ ಬಾಣ ಕೂರುವ ರೆಸ್ಟ್‌ವರೆಗೆ ಹೆಚ್ಚುಕಡಿಮೆ 70 ಸೆಂ.ಮೀ. ಗುರಿ ಅದರ ನೂರು ಪಟ್ಟು ದೂರ. ಗಲ್ಲದ ಕೆಳಗೆ ಕೈ ಒಂದು ಮಿ.ಮೀ. ಇಳಿದರೆ ಅಲ್ಲಿ ಹತ್ತು ಸೆಂ.ಮೀ. ವ್ಯತ್ಯಾಸ! ಯಾವ ಸ್ಕ್ರೂ ತಿರುಗಿಸಿ ಇದನ್ನು ಸರಿಮಾಡುತ್ತೀ?

ನಾನು ಮೂರು ತಿಂಗಳು ಹಾಗೆ ತಿರುಗಿಸಿದವನೇ. ಬಾಣ ಎಡಕ್ಕೆ ಹೋದ ದಿನ ಪ್ಲಂಜರಿನ ಸ್ಪ್ರಿಂಗ್ ಸಡಿಲ ಮಾಡುತ್ತಿದ್ದೆ, ಮರುದಿನ ಬಲಕ್ಕೆ ಹೋದರೆ ಬಿಗಿ. ಕೊನೆಗೆ ಸಿಕ್ಕಿದ ದೋಷ ನನ್ನ ಎಡ ಅಂಗೈಯಲ್ಲಿತ್ತು. ಬಾಣ ಬಿಡುವ ಕ್ಷಣಕ್ಕೆ ಹೆದರಿ ಹಿಡಿಯನ್ನು ಗಟ್ಟಿಯಾಗಿ ಅಮುಕುತ್ತಿದ್ದೆ. ಅಮುಕಿದಾಗಲೆಲ್ಲ ಬಿಲ್ಲು ತಿರುಚುತ್ತಿತ್ತು. ಯಕ್ಷಗಾನದ ಅರ್ಜುನನಿಗೆ ಬಿಲ್ಲನ್ನು ಮುಷ್ಟಿಯಲ್ಲಿ ಹಿಡಿದು ಕುಣಿಯಲಿಕ್ಕುಂಟು, ನಿನಗಿಲ್ಲ. ಹಿಡಿಯ ಭಾರ ಹೆಬ್ಬೆರಳ ಬುಡದ ದಪ್ಪ ಮಾಂಸದ ಮೇಲೆ ಬೀಳಲಿ, ಬೆರಳ ಗೆಣ್ಣುಗಳು ಓರೆಯಾಗಿ ಹೊರಗಿರಲಿ. ಬಿಲ್ಲು ಕೈಜಾರಿ ಬೀಳದ ಹಾಗೆ ಬೆರಳಿಗೆ ಸ್ಲಿಂಗ್ ಕಟ್ಟಿಕೋ. ಬಿಲ್ಲು ಬೀಳುವುದಿಲ್ಲ ಎಂಬ ಧೈರ್ಯ ಬಂದ ಮೇಲೆ ಕೈ ತಾನಾಗಿ ಅಮುಕುವುದನ್ನು ಬಿಡುತ್ತದೆ.

ಎಳೆಯುವ ಕೈಗೂ ಹೀಗೆಯೇ. ಏಕಲವ್ಯನ ಹೆಬ್ಬೆರಳಿನ ಕಥೆ ಕೇಳಿ ಬೆಳೆದವರು ನಾವು, ಆದರೆ ಈಗಿನ ರೀಕರ್ವ್ ಬಿಲ್ಲಿನ ಹೆದೆ ಎಳೆಯುವುದು ಮೂರು ಬೆರಳಲ್ಲಿ. ಹೆಬ್ಬೆರಳಿಗೆ ಕೆಲಸವೇ ಇಲ್ಲ. ಅದನ್ನು ಅಂಗೈಯೊಳಗೆ ಸುಮ್ಮನೆ ಮಲಗಿಸು. ಹೆದೆ ಮೂಗಿನ ತುದಿಗೂ ಗಲ್ಲಕ್ಕೂ ತಾಗಲಿ. ಎಳೆತ ತೋಳಿನಿಂದ ಬೇಡ, ಹೆಗಲ ಹಿಂದಿನ ಚಪ್ಪಟೆ ಎಲುಬು ಬೆನ್ನಹುರಿಯ ಕಡೆ ಸರಿಯುವುದು ನಿನಗೆ ಗೊತ್ತಾಗಬೇಕು. ಹೆದೆಯನ್ನು ಕಿತ್ತು ಬಿಡಬೇಡ, ಬೆರಳು ಸಡಿಲವಾದರೆ ಸಾಕು, ಅದೇ ಹೋಗುತ್ತದೆ.

ಪಟ ನೋಡಿ ಇನ್ನೊಬ್ಬರ ನಿಲುವನ್ನು ಹಾಗೆಯೇ ನಕಲು ಮಾಡಲೂ ಹೋಗಬೇಡ. ಎರಡೂ ಕೈಯಿಲ್ಲದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಳು. ಅವಳ ಮೈಗೆ ಒಪ್ಪುವ ರೀತಿ ಅವಳದ್ದು. ನಿನ್ನದನ್ನು ನೀನು ಕಂಡುಕೊಂಡು, ಅದನ್ನೇ ಸಾವಿರ ಸಲ ಮಾಡಬೇಕು.

ಅದಕ್ಕೆ ಗುರಿಹಾಳೆ ತೆಗೆದುಬಿಡು. ಬೈಹುಲ್ಲನ್ನು ಬಿಗಿಯಾಗಿ ಕಟ್ಟಿ, ಮೂರು ಮೀಟರ್ ದೂರದಲ್ಲಿ ನಿಂತು, ಎಳೆದ ಮೇಲೆ ಕಣ್ಣು ಮುಚ್ಚಿ ಬಿಡು. ಒಂದು ತಿಂಗಳು, ದಿನಕ್ಕೆ ಐವತ್ತು ಬಾಣ ಸಾಕು. ಬಿಲ್ಲಿನ ಬಾಗುವ ತೋಳು, ನಿನ್ನ ಆ 38 ಪೌಂಡಿನ ಲಿಂಬ್, ಇದಕ್ಕೆ ಆಗದು. ಮೂರನೆಯ ಬಾಣಕ್ಕೇ ನಿನ್ನ ಹೆಗಲು ಕಿವಿಗೆ ಏರುವುದನ್ನು ನಾನು ನೋಡಿದೆ. 22 ಪೌಂಡಿನ ಒಂದು ಜೊತೆ ಲಿಂಬ್ ನನ್ನಲ್ಲಿ ಉಂಟು, ತೆಗೆದುಕೊಂಡು ಹೋಗು.

ಬಾಣಗಳು ಒಂದೇ ಕಡೆ ಗುಂಪುಗೂಡಲು ಶುರುವಾದ ಮೇಲೆ ಬಿಲ್ಲಿಗೆ ಕೈ ಹಾಕು. ಮೊದಲು ಬ್ರೇಸ್ ಹೈಟ್. ನಿನ್ನದು 68 ಇಂಚಿನ ಬಿಲ್ಲು, ಹಿಡಿಯ ತಗ್ಗಿನಿಂದ ಹೆದೆಗೆ ಎಂಟೂವರೆಯಿಂದ ಒಂಬತ್ತು ಇಂಚು ಇರಬೇಕು. ಹೆದೆಯನ್ನು ಇನ್ನಷ್ಟು ಹೊಸೆದರೆ ಅದು ಏರುತ್ತದೆ. ಬಿಡುವಾಗ ಸದ್ದು ಎಲ್ಲಿ ಮೆತ್ತಗಾಗುತ್ತದೋ ಅಲ್ಲಿ ನಿಲ್ಲಿಸು. ಆಮೇಲೆ ಗರಿಯಿರುವ ನಾಲ್ಕು ಬಾಣ, ಗರಿ ತೆಗೆದ ಎರಡು ಬಾಣ, ದೂರ 18 ಮೀಟರ್. ಗರಿ ಇದ್ದರೆ ಅದು ಬಾಣದ ತಪ್ಪನ್ನು ದಾರಿಯಲ್ಲೇ ತಿದ್ದಿಬಿಡುತ್ತದೆ. ಬೋಳು ಬಾಣಕ್ಕೆ ಮುಚ್ಚಿಡಲು ಬಾರದು. ಬೋಳು ಬಾಣ ಗುಂಪಿನ ಮೇಲೆ ನೆಟ್ಟರೆ ಹೆದೆಯ ಮೇಲಿನ ನಾಕಿಂಗ್ ಪಾಯಿಂಟ್ ತಗ್ಗಿನಲ್ಲಿದೆ, ಕೂದಲೆಳೆಯಷ್ಟು ಏರಿಸು. ಕೆಳಗೆ ನೆಟ್ಟರೆ ಇಳಿಸು. ಬಲಗೈಯವನಾದ ನಿನಗೆ ಬೋಳು ಬಾಣ ಎಡಕ್ಕೆ ಹೋದರೆ ಬಾಣ ಗಡಸು, ಬಲಕ್ಕಾದರೆ ಮೆದು. ಪ್ಲಂಜರ್ ಮುಟ್ಟಬೇಕಾದದ್ದು ಆಗ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಪುಸ್ತಕದಲ್ಲಿ ಬರೆದಿಡು.

ವ್ಯತ್ಯಾಸ ದೊಡ್ಡದಿದ್ದರೆ ಪ್ಲಂಜರಿನಿಂದ ಆಗದು, ಬಾಣವೇ ಬೇರೆ ಬೇಕು. ಬಾಣದ ಮೇಲೆ 500 ಎಂದು ಬರೆದದ್ದನ್ನು ನೀನು ನೋಡಿರಬಹುದು. 28 ಇಂಚು ಅಂತರದ ಎರಡು ಆಧಾರದ ಮೇಲೆ ಮಲಗಿಸಿ ನಡುವೆ 880 ಗ್ರಾಂ ತೂಗಿದರೆ ಅದು ಅರ್ಧ ಇಂಚು ಬಗ್ಗುತ್ತದೆ ಎಂದರ್ಥ. ಅಂಕಿ ದೊಡ್ಡದಾದಷ್ಟೂ ಬಾಣ ಮೆದು. 38 ಪೌಂಡಿಗೆಂದು ಕೊಂಡ ಬಾಣ 22 ಪೌಂಡಿನಲ್ಲಿ ಎಡಕ್ಕೇ ಹೋಗುತ್ತದೆ, ಅದಕ್ಕೆ ಗಾಬರಿಯಾಗಬೇಡ.

ನಮ್ಮ ಕರಾವಳಿಯ ಗಾಳಿಯ ವಿಷಯ ಯಾವ ಕೈಪಿಡಿಯಲ್ಲೂ ಸಿಗದು. ಬಿಸಿಲೇರಿ ನೆಲ ಕಾದ ಮೇಲೆ ಕಾಪುವಿನಲ್ಲಿ ಪಡುಗಾಳಿ ಎದ್ದೇಳುತ್ತದೆ. ಆ ಹೊತ್ತಿನಲ್ಲಿ ಬಿಲ್ಲು ಕೂಡಿಸಿದರೆ ಗಾಳಿಯ ತಪ್ಪು ಬಿಲ್ಲಿಗೆ ಸೇರಿಬಿಡುತ್ತದೆ. ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಸು. ಉಪ್ಪುಗಾಳಿಗೆ ಸ್ಕ್ರೂ ತುಕ್ಕು ಹಿಡಿಯುತ್ತದೆ, ಮನೆಗೆ ಬಂದವನೇ ಒರೆಸಿ ಒಂದು ತೊಟ್ಟು ಎಣ್ಣೆ ಹಾಕು. ಮಳೆಗಾಲದಲ್ಲಿ ಹೆದೆಗೆ ಮೇಣ ತಪ್ಪಿಸಬೇಡ.

ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡ, ಲಿಂಬ್ ಸೀಳುತ್ತದೆ. ಕಾರ್ಬನ್ ಬಾಣವನ್ನು ಹೂಡುವ ಮೊದಲು ಸ್ವಲ್ಪ ಬಗ್ಗಿಸಿ ಕಿವಿಗೊಟ್ಟು ಕೇಳು. ಚಿಟಿಚಿಟಿ ಅಂದರೆ ಮುರಿದು ಎಸೆ, ಇಲ್ಲದಿದ್ದರೆ ಅದು ನಿನ್ನ ಕೈಗೇ ಹೊಕ್ಕೀತು. ಬೈಹುಲ್ಲಿನ ಹಿಂದೆ ಕಾಲುದಾರಿಯಿದ್ದರೆ ಆ ಜಾಗ ಬೇಡವೇ ಬೇಡ.

ಭಾನುವಾರ ಆರೂವರೆಗೆ ಕಾಪುವಿಗೆ ಬಾ. ಹೋಗುವಾಗ ಲಿಂಬ್ ಕೊಡುತ್ತೇನೆ. ಬಾಣ ಆರು ತಾ, ಎರಡರ ಗರಿ ಕಿತ್ತು ತಾ. ಅಲೆನ್ ಕೀ ಹಾಸ್ಟೆಲಿನಲ್ಲೇ ಇರಲಿ.

ನಿನ್ನ ಮಾವ